ವೈದ್ಯಶಿಕ್ಷಣದ ರೂಪಣೆಯಲ್ಲಿ ಗುರುಶಿಷ್ಯರ ಪಾಲು

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವೈದ್ಯನಾಗಬಯಸುವವನಿಗೆ ವಿಧಿಸುವ ಮೊದಲ ಕರ್ತವ್ಯ ಗುರುವಂದನೆಯಲ್ಲ, ಶಾಸ್ತ್ರಪರೀಕ್ಷೆ. ಲೋಕದಲ್ಲಿ ಪ್ರಚಾರದಲ್ಲಿರುವ ಹಲವು ವೈದ್ಯಶಾಸ್ತ್ರಗಳಲ್ಲಿ ತನಗೆ ತಕ್ಕುದು ಯಾವುದೆಂದು ಅವನು ಮೊದಲು ತೂಗಿ ನೋಡಬೇಕು. ಅನಂತರ ಆಚಾರ್ಯನನ್ನು ಪರೀಕ್ಷಿಸಬೇಕು: ಅವನು ಶಾಸ್ತ್ರವನ್ನು ಚೆನ್ನಾಗಿ ಬಲ್ಲನೆ, ಚಿಕಿತ್ಸೆಯನ್ನು ಕಣ್ಣಾರೆ ಕಂಡವನೆ, ಕೈ ಪಳಗಿದವನೆ, ಉಪಕರಣಗಳುಳ್ಳವನೆ, ಕ್ಲೇಶವನ್ನು ಸಹಿಸಬಲ್ಲನೆ, ಶಿಷ್ಯರಲ್ಲಿ ವಾತ್ಸಲ್ಯವುಳ್ಳವನೆ, ತಾನು ತಿಳಿದುದನ್ನು ಇನ್ನೊಬ್ಬರಿಗೆ ತಿಳಿಯಹೇಳುವ ಸಾಮರ್ಥ್ಯ ಅವನಿಗುಂಟೆ? ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವ ಪ್ರಸಂಗ ಬರುವುದು ಇದೆಲ್ಲ ಮುಗಿದ ಮೇಲೆ. ಜ್ಞಾನವನ್ನು ಪಡೆಯುವ ಉಪಾಯಗಳು ಮೂರೆಂದು ಗ್ರಂಥಕಾರನು ಎಣಿಸುತ್ತಾನೆ. ಅವು ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷೆ. ಕಲಿಯುವುದೂ ಕಲಿಸುವುದೂ ಒಂದೇ ಸಾಲಿನಲ್ಲಿ ಬಂದಿರುವುದನ್ನು ಗಮನಿಸಬೇಕು. ಕಲಿಸುವುದೂ ಜ್ಞಾನವನ್ನು ಪಡೆಯುವ ಒಂದು ದಾರಿಯೇ ಹೊರತು ಪಡೆದುದನ್ನು ಹಂಚುವ ಕ್ರಿಯೆ ಮಾತ್ರವಲ್ಲ. ಮೂರನೆಯದು ಅದೇ ವಿದ್ಯೆಯನ್ನು ಬಲ್ಲವರೊಡನೆ ನಡೆಸುವ ಚರ್ಚೆ. ಅದು ಸ್ನೇಹಪೂರ್ವಕವಾಗಿರಬಹುದು, ಗೆಲ್ಲುವ ಹಟದಿಂದಲೂ ಕೂಡಿರಬಹುದು. ಎರಡಕ್ಕೂ ಬೇರೆ ಬೇರೆ ಹೆಸರುಗಳೂ ನಿಯಮಗಳೂ ಉಂಟು.

ಇದೇ ಅಧ್ಯಾಯದಲ್ಲಿ ಶಿಷ್ಯನು ಅಗ್ನಿಸಾಕ್ಷಿಯಾಗಿ ಕೈಗೊಳ್ಳಬೇಕಾದ ವ್ರತವೂ ಬರುತ್ತದೆ. ಅದರಂತೆ ಅವನು ಆಚಾರ್ಯನಿಗೆ ಸಂಪೂರ್ಣವಾಗಿ ಅಧೀನನಾಗಿ ನಡೆಯತಕ್ಕವನು. ಆದುದರಿಂದ ಪ್ರಾಚೀನ ಭಾರತದ ವೈದ್ಯಶಾಲೆಯನ್ನು ಪ್ರಜಾಪ್ರಭುತ್ವದ ಮಾದರಿಯೆಂದು ಹೊಗಳುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು. ಆದರೂ ವಿದ್ಯಾರ್ಥಿಯು ಬರಿದಾದ ಪಾತ್ರೆ, ಅಧ್ಯಾಪಕನು ಅದನ್ನು ತುಂಬುವವನು ಎಂಬ ಕಲ್ಪನೆ ಸನಾತನವಾದುದಲ್ಲವೆಂಬುದಕ್ಕೆ ಇಷ್ಟು ಸಾಕು. ವೈದ್ಯನನ್ನು ಹೇಗೆ ತಯಾರಿಸಬೇಕೆಂಬ ವಿಷಯದಲ್ಲಿ ಕಲಿಯುವವನ ಮಾತಿಗೆ ಎಷ್ಟು ಬೆಲೆಯಿರಬೇಕು ಎಂಬ ಪ್ರಶ್ನೆ ಬಹು ಹಳೆಯದು. ಅದಕ್ಕೆ ದೊರೆತ ಉತ್ತರಗಳೂ ಒಂದೇ ಬಗೆಯವಲ್ಲ.

ಯೂರೋಪಿನಲ್ಲಿ ಈ ಪ್ರಶ್ನೆಗೆ ಒಂದು ಕೊನೆಯ ಉತ್ತರ ಇಟಲಿಯಲ್ಲಿ ದೊರೆಯಿತು. ಮಧ್ಯಯುಗದ ಬೊಲೋನ್ಯದಲ್ಲಿ ವಿಶ್ವವಿದ್ಯಾಲಯವೆಂದರೆ ವಿದ್ಯಾರ್ಥಿಗಳ ಸಂಘವೆಂದೇ ಅರ್ಥ. ಪರದೇಶಗಳಿಂದ ಬಂದ ಕಾನೂನು ವಿದ್ಯಾರ್ಥಿಗಳು ತಮ್ಮೊಳಗಿಂದಲೇ ಅಧಿಪತಿಯನ್ನು ಆರಿಸುತ್ತಿದ್ದರು. ಪ್ರಾಧ್ಯಾಪಕನು ಅವನಿಗೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡಬೇಕಾಗಿದ್ದಿತು. ಪಾಠವನ್ನು ತಡವಾಗಿ ಆರಂಭಿಸಿದರೆ ದಂಡ, ಗಂಟೆ ಬಾರಿಸಿದ ಮೇಲೂ ಮುಂದುವರಿಸಿದರೆ ದಂಡ, ಗ್ರಂಥದ ಕಠಿನಭಾಗವನ್ನು ಹಾರಿಸಿ ಹೋದರೆ ಅದಕ್ಕೂ ದಂಡ. ವೈದ್ಯ ಮತ್ತು ಕಲಾವಿದ್ಯಾರ್ಥಿಗಳು ಹದಿನಾಲ್ಕನೆಯ ಶತಮಾನದಲ್ಲಿ ಇಂತಹುದೇ ತಮ್ಮ ಸಂಘವನ್ನು ಊರ್ಜಿತಗೊಳಿಸಿಕೊಂಡರು. ಪಡುವದಲ್ಲಿಯೂ ಇದೇ ಪದ್ಧತಿ ಬೆಳೆಯಿತು. ರಕ್ತಪರಿಚಲನೆಯನ್ನು ೧೬೨೮ರಲ್ಲಿ ಲೋಕಕ್ಕೆ ತಿಳಿಸಿದ ವಿಲಿಯಂ ಹಾರ್ವೆಯು ೧೬೦೨ರಲ್ಲಿ ಪಡುವದ ಪದವಿಯನ್ನು ಪಡೆದವನು. ಅಲ್ಲಿದ್ದಾಗ ಅವನು ಇಂಗ್ಲಿಷ್ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಸಭೆಯಲ್ಲಿ ಕುಳಿತಿದ್ದನು.

ಈ ವಿದ್ಯಾರ್ಥಿರಾಜ್ಯದ ಬಗೆಗೆ ಆಧುನಿಕರು ಮಾಡುವ ಪ್ರಶಂಸೆ ಸ್ವಲ್ಪ ಅತಿಯಾದುದು. ಹಣ ಕೊಡುವವರು ಕೊಂಡ ಸರಕನ್ನು ತೂಕಮಾಡಿ ತೆಗೆದುಕೊಂಡಂತೆ ಆ ವ್ಯವಸ್ಥೆಯಿದ್ದಿತು. ಪ್ರಾಧ್ಯಾಪಕನ ಸಂಬಳಕ್ಕೆ ನಗರಾಡಳಿತವು ಹೊಣೆಯಾದೊಡನೆ ವಿದ್ಯಾರ್ಥಿಗಳ ಅಧಿಕಾರವೂ ಕರಗಿತು. ಅಧಿಕಾರದ ಕಥೆಗಿಂತ ಅಲ್ಲಿಯ ಎರಡು ಸಣ್ಣ ಸಂಗತಿಗಳು ಹೆಚ್ಚು ಬೆಲೆಯುಳ್ಳವು. ೧೫೪೦ರಲ್ಲಿ ಬೊಲೋನ್ಯದ ಒಂದು ಚರ್ಚಿನಲ್ಲಿ ಇಪ್ಪತ್ತೈದು ವರ್ಷದ ವೆಸೇಲಿಯಸನು ಶವಚ್ಛೇದನ ನಡೆಸಿದನು. ಗ್ಯಾಲೆನನ ಮತವನ್ನು ಅನುಸರಿಸಿ ಉಪನ್ಯಾಸ ಮಾಡಿದವನು ವಯೋವೃದ್ಧನಾದ ಮತ್ತೇಯೋ ಕೋರ್ತಿ. ರಕ್ತ ತೆಗೆಯಲು ಯಾವ ಸಿರೆಯನ್ನು ಕೊಯ್ಯಬೇಕೆಂಬ ವಿಷಯದಲ್ಲಿ ಇಬ್ಬರಿಗೂ ವಾದ ಹತ್ತಿತು. ಪುಸ್ತಕವನ್ನು ಬಿಟ್ಟು ಹೆಣದ ಬಳಿಗೆ ಬಂದು ನೋಡಿರೆಂದು ಕಿರಿಯನು ಹಿರಿಯನನ್ನು ಕರೆದನು. ಸುತ್ತಲೂ ವಿದ್ಯಾರ್ಥಿಗಳು ಕಿಕ್ಕಿರಿದಿದ್ದರು. ಇದೆಲ್ಲ ಇಂದು ತಿಳಿದುಬಂದಿರುವುದು ಬಾಲ್ಡಸರ್ ಹೆಸ್ಲರ್ ಎಂಬ ವಿದ್ಯಾರ್ಥಿಯು ಬರೆದುಕೊಂಡ ಟಿಪ್ಪಣಿಗಳಿಂದ. ನಾಲ್ಕು ಶತಮಾನಗಳ ಕಾಲ ಅಚ್ಚಾಗದೆ ಉಳಿದಿದ್ದ ಆ ಟಿಪ್ಪಣಿಗಳು ೧೯೫೯ರಲ್ಲಿ ಪ್ರಕಟವಾದುವು. ಎರಡನೆಯ ಸಂಗತಿ ಪಡುವದ್ದು. ರೋಗಿಯ ಹಾಸಿಗೆಯ ಬಳಿಯಲ್ಲಿ ಪಾಠ ಹೇಳುವ ಕ್ರಮವನ್ನು ಮೊಂಟಾನಸನು ಅಲ್ಲಿ ೧೫೪೦ರ ದಶಕದಲ್ಲಿ ಹಾಕಿಕೊಟ್ಟಿದ್ದನು. ಅವನ ತರುವಾಯ ಅದು ನಿಂತುಹೋಯಿತು. ೧೫೭೮ರ ಸುಮಾರಿನಲ್ಲಿ ಜರ್ಮನ್ ವಿದ್ಯಾರ್ಥಿಗಳು ಒತ್ತಾಯಿಸಿ ಅದನ್ನು ಮತ್ತೆ ಆರಂಭಿಸುವಂತೆ ಮಾಡಿದರು. ಪಡುವದಲ್ಲಿ ಓದಿದ ಡಚ್ಚರು ಅದನ್ನು ಲೈಡನ್ನಿಗೆ ಒಯ್ದರು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬೂರ್ಹಾವನು ಹನ್ನೆರಡೇ ಹಾಸಿಗೆಗಳ ವಾರ್ಡಿನಲ್ಲಿ ಯೂರೋಪಿನ ಒಂದು ಪೀಳಿಗೆಯ ವೈದ್ಯರನ್ನು ತಯಾರಿಸಿದನು; ಅವನ ಶಿಷ್ಯರಿಂದ ಎಡಿನ್‌ಬರೊ ವೈದ್ಯಶಾಲೆ ಎದ್ದಿತು. ಇಂದು ಆಸ್ಪತ್ರೆಯ ವಾರ್ಡಿನಲ್ಲಿ ಬಿಳಿಯ ಕೋಟಿನ ತರುಣರು ಹಾಸಿಗೆಯನ್ನು ಸುತ್ತುವರಿದು ನಿಲ್ಲುವ ದೃಶ್ಯಕ್ಕೆ ಇಂತಹ ಒಂದು ವಂಶಾವಳಿಯುಂಟು, ಅದರ ಒಂದು ಕೊಂಡಿ ವಿದ್ಯಾರ್ಥಿಗಳ ಬೇಡಿಕೆ.

ಎಡಿನ್‌ಬರೊದ ಕಥೆ ಇನ್ನೂ ರಸವತ್ತಾದುದು. ೧೭೩೪ರಲ್ಲಿ ಅಲ್ಲಿಯ ಆರು ಜನ ವಿದ್ಯಾರ್ಥಿಗಳಿಗೆ ಜ್ವರದಿಂದ ಸತ್ತ ಒಬ್ಬ ತರುಣಿಯ ಶವವು ದೊರೆಯಿತು. ತರಗತಿಯಲ್ಲಿ ದೂರದಿಂದ ಕಂಡುದನ್ನು ಈಗ ತಮ್ಮ ಕೈಯಿಂದಲೇ ಕಾಣುವ ಅವಕಾಶವಾಯಿತೆಂದು ಅವರು ಕೆಲವು ವಾರ ಕೂಡಿ ಕೆಲಸ ಮಾಡಿದರು. ಆ ಕೂಟದ ಸವಿ ಹತ್ತಿದ ಮೇಲೆ ಶವಚ್ಛೇದನ ಮುಗಿದರೂ ಅದನ್ನು ಬಿಡಲಾಗಲಿಲ್ಲ. ಒಬ್ಬೊಬ್ಬರ ಬಿಡಾರದಲ್ಲಿ ಸರದಿಯಂತೆ ಸೇರುವುದು, ಒಬ್ಬನು ಪ್ರಬಂಧ ಓದುವುದು, ಉಳಿದವರು ಆಕ್ಷೇಪಿಸುವುದು, ಓದಿದವನು ಸಮರ್ಥಿಸಿಕೊಳ್ಳುವುದು ಎಂದು ನಿಯಮವಾಯಿತು. ೧೭೩೭ರಲ್ಲಿ ಈ ಕೂಟವು ಶಾಶ್ವತವಾದ ಸಂಘವಾಗಿ, ೧೭೭೮ರಲ್ಲಿ ರಾಜಶಾಸನವನ್ನು ಪಡೆದು, ರಾಯಲ್ ಮೆಡಿಕಲ್ ಸೊಸೈಟಿ ಎಂಬ ಹೆಸರಿನಿಂದ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲೇ ನಡೆದಿದೆ. ಅದು ಕ್ರಮೇಣ ಸ್ವಂತದ ಪುಸ್ತಕಭಂಡಾರವನ್ನೂ ಸಭಾಭವನವನ್ನೂ ಕಟ್ಟಿಕೊಂಡಿತು.

ವಿಶ್ವವಿದ್ಯಾಲಯದ ತರಗತಿಯಲ್ಲಿ ದೊರೆಯದ ಒಂದು ವಸ್ತು ಈ ಸಂಘದಲ್ಲಿ ದೊರೆಯುತ್ತಿದ್ದಿತು. ಅದೆಂದರೆ ಪ್ರಾಧ್ಯಾಪಕನ ಮತವನ್ನು ಪ್ರಾಧ್ಯಾಪಕನ ಭಯವಿಲ್ಲದೆ ಒರೆಗೆ ಹಚ್ಚುವ ಸ್ವಾತಂತ್ರ್ಯ. ವಿಲಿಯಂ ಕಲ್ಲನ್ ಆ ಕಾಲದ ಸರ್ವಶ್ರೇಷ್ಠ ಉಪಾಧ್ಯಾಯನು. ಲ್ಯಾಟಿನ್ನನ್ನು ಬಿಟ್ಟು ದೇಶಭಾಷೆಯಾದ ಇಂಗ್ಲಿಷಿನಲ್ಲಿ ಪಾಠ ಹೇಳಲಾರಂಭಿಸಿದವರಲ್ಲಿ ಅಗ್ರಗಣ್ಯನು. ಅವನ ಶಿಷ್ಯನೇ ಆದ ಜಾನ್ ಬ್ರೌನನು ಗುರುವಿನ ಮತವನ್ನು ತಿರಸ್ಕರಿಸಿ ತನ್ನದೇ ಪಂಥವನ್ನು ಹೂಡಿದಾಗ ಸಂಘದ ಸಭೆ ರಣರಂಗವಾಯಿತು. ಚರ್ಚೆಯ ಕಾರಣದಿಂದ ಒಬ್ಬರನ್ನೊಬ್ಬರು ದ್ವಂದ್ವಯುದ್ಧಕ್ಕೆ ಕರೆಯುವ ಸದಸ್ಯರನ್ನು ಹೊರಹಾಕತಕ್ಕದ್ದೆಂದು ಸಂಘವು ನಿಯಮ ಮಾಡಬೇಕಾಗಿ ಬಂದಿತಂತೆ! ಚರಕನು ಹೇಳಿದ ವಿಗೃಹ್ಯಸಂಭಾಷೆಗೆ ಇದಕ್ಕಿಂತ ಉಗ್ರವಾದ ನಿದರ್ಶನ ದೊರೆಯಲಾರದು. ಬ್ರೌನನ ಮತ ಇಂದು ಯಾರಿಗೂ ಬೇಡವಾಗಿದೆ, ಕಲ್ಲನ್ನನದೂ ಅಷ್ಟೆ. ಆದರೆ ಪ್ರಬಂಧವನ್ನು ಓದಿ ಸಮರ್ಥಿಸಬೇಕೆಂಬ ಅಭ್ಯಾಸವು ಉಳಿಯಿತು, ಎಡಿನ್‌ಬರೊದಲ್ಲಿ ಕಲಿತವರೊಡನೆ ಹಡಗು ಹತ್ತಿ ಫಿಲಡೆಲ್ಫಿಯಕ್ಕೂ ಮುಂಬಯಿಗೂ ಹೋಯಿತು.

ಮುಂಬಯಿಯಲ್ಲಿ ೧೮೪೫ರಲ್ಲಿ ಗ್ರಾಂಟ್ ವೈದ್ಯಕಾಲೇಜು ತೆರೆಯಿತು. ಅದರ ನಿರ್ಮಾಪಕನಾದ ಚಾರ್ಲ್ಸ್ ಮೋರ್‌ಹೆಡ್ ಎಡಿನ್‌ಬರೊದವನು; ಪ್ಯಾರಿಸಿನಲ್ಲಿ ಪಿಯೇರ್ ಲೂಯಿಯ ಬಳಿ ರೋಗಿಗಳನ್ನು ಎಣಿಸಿ ಹೋಲಿಸಿ ನೋಡುವ ಕ್ರಮವನ್ನು ಕಲಿತು ಬಂದವನು. ಪಕ್ಕದ ಜಮ್‌ಶೇಟ್‌ಜಿ ಜೀಜೀಭಾಯಿ ಆಸ್ಪತ್ರೆಯ ವಾರ್ಡೇ ಪಾಠಶಾಲೆಯಾಗಬೇಕೆಂಬುದು ಅವನ ಹಟ. ೧೮೫೬ರಲ್ಲಿ ಅವನು ಪ್ರಕಟಿಸಿದ ಭಾರತದ ರೋಗಗಳನ್ನು ಕುರಿತ ಬೃಹದ್ಗ್ರಂಥಕ್ಕೆ ಆ ವಾರ್ಡುಗಳ ಅನುಭವವೇ ತಳಹದಿ. ಮೊದಲ ತಂಡದಲ್ಲಿ ಭಾವು ದಾಜಿ ಇದ್ದರು, ಆತ್ಮಾರಾಮ ಪಾಂಡುರಂಗರಿದ್ದರು. ಒಬ್ಬರು ಪ್ರಾಚ್ಯಸಂಶೋಧನೆಯಲ್ಲಿ ಹೆಸರು ಪಡೆದರು, ಇನ್ನೊಬ್ಬರು ೧೮೬೭ರಲ್ಲಿ ಸ್ಥಾಪಿತವಾದ ಪ್ರಾರ್ಥನಾಸಮಾಜದ ಮೊದಲ ಅಧ್ಯಕ್ಷರಾದರು. ಈ ತರುಣ ಪದವೀಧರರನ್ನು ಕೂಡಿಕೊಂಡು ಮೋರ್‌ಹೆಡ್ಡನು ಕಾಲೇಜಿನದೇ ಒಂದು ವೈದ್ಯಸಂಘವನ್ನು ಕಟ್ಟಿದನು. ಬಿಳಿಯ ಗುರು, ದೇಶೀಯ ಶಿಷ್ಯ ಎಂಬ ಅಂತರವು ಎಲ್ಲೆಡೆಯೂ ಹೆಪ್ಪುಗಟ್ಟಿದ್ದ ಕಾಲದಲ್ಲಿ ಒಂದೇ ಮೇಜಿನ ಸುತ್ತ ಕುಳಿತು ರೋಗಪ್ರಸಂಗಗಳನ್ನು ಚರ್ಚಿಸುವುದು ಸಾಮಾನ್ಯ ಸಂಗತಿಯಲ್ಲ. ಅದು ಸಮಾನತೆಯೆಂದು ಹೇಳಬೇಕಾಗಿಲ್ಲ. ಸರಕಾರದ ಉನ್ನತ ವೈದ್ಯಹುದ್ದೆಗಳು ದೇಶೀಯರಿಗೆ ಬಹುಕಾಲ ದೂರವೇ ಉಳಿದುವು. ೧೮೬೦ರ ದಶಕದಲ್ಲಿ ಅದೇ ಕಾಲೇಜಿನಲ್ಲಿ ಮರಾಠಿ ಮತ್ತು ಗುಜರಾತಿ ಭಾಷೆಗಳಲ್ಲಿ ವೈದ್ಯವನ್ನು ಕಲಿಸುವ ತರಗತಿಗಳೂ ಇದ್ದುವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಅಂತಹ ಭಾಗ್ಯ ಬರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಬರೆದಿದ್ದ ಭಾಷೆಗೆ ಈ ಗತಿ ಬಂದುದು ಆಡಳಿತದ ಎಲ್ಲೆಗೆರೆಗಳ ಫಲ.

ಅಲ್ಲಿಂದ ಮುಂದಿನ ಒಂದು ಶತಮಾನದಲ್ಲಿ ವಿಜ್ಞಾನ ಬೆಳೆದಂತೆ ವಿದ್ಯಾರ್ಥಿಯ ಮಾತು ಕುಗ್ಗಿತೆನ್ನಬಹುದು. ಅಬ್ರಹಾಂ ಫ್ಲೆಕ್ಸ್‌ನರನು ಅಮೆರಿಕ ಮತ್ತು ಕೆನಡಗಳ ೧೫೫ ವೈದ್ಯಶಾಲೆಗಳನ್ನು ಪರಿಶೀಲಿಸಿ ೧೯೧೦ರಲ್ಲಿ ಒಪ್ಪಿಸಿದ ವರದಿಯು ಡೋಂಗಿ ಶಾಲೆಗಳನ್ನು ಮುಚ್ಚಿಸಿತು, ಪ್ರಯೋಗಶಾಲೆಗಳನ್ನು ತೆರೆಸಿತು; ಅದರ ಉಪಕಾರ ದೊಡ್ಡದು. ವಿದ್ಯಾರ್ಥಿಯು ಕೈಯಿಂದ ಮಾಡಿ ಕಲಿಯಬೇಕೆಂದು ಸ್ವತಃ ಫ್ಲೆಕ್ಸ್‌ನರನೇ ಸಾರಿದ್ದನು. ಆದರೆ ಅದರ ಬೆನ್ನಿಗೇ ಬೆಳೆದ ಇಲಾಖೆಗಳು ಪಾಠಕ್ರಮವನ್ನು ತಮ್ಮ ತಮ್ಮ ಜಹಗೀರುಗಳಾಗಿ ಹಂಚಿಕೊಂಡುವು. ಅಂಗರಚನೆಗೆ ಇಷ್ಟು ಗಂಟೆ, ಶರೀರಕ್ರಿಯೆಗೆ ಇಷ್ಟು ಗಂಟೆ. ಈ ಗಡಿರೇಖೆಯನ್ನು ದಾಟಿ ಹೃದಯವನ್ನು ಹೃದಯವೆಂದು ಒಟ್ಟಾಗಿ ನೋಡುವ ಅವಕಾಶ ವಿದ್ಯಾರ್ಥಿಗೆ ಇಲ್ಲದಾಯಿತು. ಎರಡು ವರ್ಷ ಪುಸ್ತಕ, ಹೆಣ ಮತ್ತು ಕಪ್ಪೆಗಳ ನಡುವೆ ಕಳೆದು ಮೂರನೆಯ ವರ್ಷ ಅವನು ಮೊದಲ ಬಾರಿಗೆ ಬದುಕಿರುವ ರೋಗಿಯನ್ನು ಕಾಣುತ್ತಿದ್ದನು. ಭಾರತದ ಕಾಲೇಜುಗಳಲ್ಲಿಯೂ ಇದೇ ಕ್ರಮ ನೆಲೆಗೊಂಡಿತು.

ಈ ಗೋಡೆಯನ್ನು ಮೊದಲು ಒಡೆದುದು ಕ್ಲೀವ್‌ಲೆಂಡ್ ನಗರದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. ಡೀನರಾದ ಜೋಸೆಫ್ ವರ್ನರ ಮುಂದಾಳುತನದಲ್ಲಿ ೧೯೫೨ರಲ್ಲಿ ಅಲ್ಲಿ ಆರಂಭವಾದ ಪಾಠಕ್ರಮವು ಇಲಾಖೆಗಳ ಗಂಟೆಗಳನ್ನು ಕಿತ್ತುಕೊಂಡು, ಒಂದೊಂದು ಅಂಗವ್ಯೂಹಕ್ಕೆ ಎಲ್ಲ ಇಲಾಖೆಯವರೂ ಕೂಡಿದ ಒಂದೊಂದು ಸಮಿತಿಯನ್ನು ಒಪ್ಪಿಸಿತು. ವಿದ್ಯಾರ್ಥಿಯು ಕಿರಿಯ ಸಹೋದ್ಯೋಗಿಯೆಂಬುದು ಅದರ ಮೂಲತತ್ತ್ವ. ಕಾಲೇಜಿಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಗರ್ಭಿಣಿಯನ್ನು ಪರಿಚಯಿಸಲಾಗುತ್ತಿತ್ತು. ಅವಳ ಆರೈಕೆಯನ್ನು ನೋಡುತ್ತ, ಹೆರಿಗೆಯ ಹೊತ್ತಿನಲ್ಲಿ ಹತ್ತಿರವಿದ್ದು, ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಹಿಂಬಾಲಿಸುತ್ತ ಅವನು ಕಾಲೇಜಿನ ವರ್ಷಗಳನ್ನು ಕಳೆಯಬೇಕು. ಯಾವ ರೋಗವೂ ಇಲ್ಲದ ಮನುಷ್ಯರಿಂದ ವೈದ್ಯವಿದ್ಯೆ ಆರಂಭವಾದುದು ಇಲ್ಲಿಯ ನವೀನತೆ.

ಇದಕ್ಕಿಂತಲೂ ಧೀರವಾದ ಪ್ರಯೋಗ ನಡೆದುದು ಕೆನಡದ ಹ್ಯಾಮಿಲ್ಟನ್ ಎಂಬ ಉಕ್ಕಿನ ಕಾರಖಾನೆಗಳ ಊರಿನಲ್ಲಿ. ಅಲ್ಲಿಯ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯವು ೧೯೬೫ರಲ್ಲಿ ಹೊಸ ವೈದ್ಯಶಾಲೆಯನ್ನು ಕಟ್ಟಲು ಇನ್ನೂ ನಲವತ್ತು ತುಂಬದ ಜಾನ್ ಎವಾನ್ಸರನ್ನು ಡೀನರನ್ನಾಗಿ ಕರೆಯಿತು. ಹಳೆಯ ಶಾಲೆಯಿಲ್ಲದುದರಿಂದ ಹಳೆಯ ಜಹಗೀರುದಾರರೂ ಇರಲಿಲ್ಲ. ಎವಾನ್ಸರ ಭಾಗ್ಯದ ಅರ್ಧಪಾಲು ಇದೇ. ಅವರು ಕೂಡಿಸಿದ ಸಣ್ಣ ಗುಂಪಿನಲ್ಲಿ ವಿಲಿಯಂ ಸ್ಪಾಲ್ಡಿಂಗ್, ಜಿಮ್ ಆ್ಯಂಡರ್ಸನ್, ಫ್ರೇಸರ್ ಮಸ್ಟರ್ಡ್ ಮೊದಲಾದವರಿದ್ದರು. ೧೯೬೯ರಲ್ಲಿ ಇಪ್ಪತ್ತು ಜನ ವಿದ್ಯಾರ್ಥಿಗಳ ಮೊದಲ ತಂಡವು ಬಂದಿತು. ಮೂರು ವರ್ಷಗಳ ಪಾಠಕ್ರಮ, ಉಪನ್ಯಾಸಗಳು ಗೌಣ, ವರ್ಷಾಂತ್ಯದ ಪರೀಕ್ಷೆಯಂತೂ ಇಲ್ಲವೇ ಇಲ್ಲ. ಐದಾರು ಜನರ ಗುಂಪಿಗೆ ಒಬ್ಬ ಟ್ಯೂಟರನು. ಗುಂಪಿನ ಮುಂದೆ ಒಂದು ರೋಗಪ್ರಸಂಗವನ್ನಿಡುತ್ತಾರೆ: ಇಂತಹ ವಯಸ್ಸಿನ ಇಂತಹ ಕೆಲಸದವನು ಉಸಿರು ಕಟ್ಟುತ್ತದೆಂದು ಬಂದಿದ್ದಾನೆ, ಎಂಬಷ್ಟೆ. ತಮಗೆ ಏನು ಗೊತ್ತು, ಏನು ಗೊತ್ತಿಲ್ಲ, ಗೊತ್ತಿಲ್ಲದುದನ್ನು ಎಲ್ಲಿ ಹುಡುಕಬೇಕು, ಯಾರು ಯಾವುದನ್ನು ಓದಿ ಬರಬೇಕು ಎಂಬುದನ್ನು ವಿದ್ಯಾರ್ಥಿಗಳೇ ನಿಶ್ಚಯಿಸುತ್ತಾರೆ. ಟ್ಯೂಟರನು ಉತ್ತರ ಹೇಳುವವನಲ್ಲ. ದಾರಿ ತಪ್ಪಿದಾಗ ಪ್ರಶ್ನೆ ಹಾಕುವವನು. ಗುಂಪಿನವರು ಒಬ್ಬರನ್ನೊಬ್ಬರು ತೂಗಬೇಕು, ತಮ್ಮನ್ನು ತಾವೂ ತೂಗಿಕೊಳ್ಳಬೇಕು, ಟ್ಯೂಟರನನ್ನೂ ತೂಗಬೇಕು. ಪಾಠಕ್ರಮದ ಸಮಿತಿಗಳಲ್ಲಿ ವಿದ್ಯಾರ್ಥಿಗಳಿಗೆ ಸ್ಥಾನವಿದ್ದಿತು. ಹೊಸ ವಿದ್ಯಾರ್ಥಿಗಳನ್ನು ಆರಿಸುವ ಸಂದರ್ಶನಕ್ಕೂ ಅಧ್ಯಾಪಕರ ಜತೆಗೆ ಒಬ್ಬ ವಿದ್ಯಾರ್ಥಿಯೂ ಊರಿನ ಒಬ್ಬ ಸಾಮಾನ್ಯ ನಾಗರಿಕನೂ ಕುಳಿತುಕೊಳ್ಳುವ ಪದ್ಧತಿ ಬಂದಿತು.

ಮೊದಲ ತಂಡದವರಿಗೆ ಇದು ಸುಖದ ಹಾಸಿಗೆಯಾಗಿರಲಿಲ್ಲ. ಮೇಲಿನ ತರಗತಿಯ ಅಣ್ಣಂದಿರಿಲ್ಲ. ಕೇಳಲು ಹಳೆಯ ಪ್ರಶ್ನಪತ್ರಿಕೆಗಳಿಲ್ಲ. ಎಷ್ಟು ಓದಿದರೆ ಸಾಕೆಂದು ಹೇಳುವವರಿಲ್ಲ. ಅಧ್ಯಾಪಕರ ಪಾಡೂ ಹಾಗೆಯೇ. ಜೀವಮಾನವೆಲ್ಲ ಉಪನ್ಯಾಸ ಮಾಡಿದ ವಿದ್ವಾಂಸನೊಬ್ಬನು ತನ್ನ ವಿಷಯವನ್ನು ಕುರಿತು ತರುಣರು ತಡವರಿಸುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಎಂತಹ ತಪಸ್ಸೆಂಬುದು ಪಾಠ ಹೇಳಿದವರಿಗೆಲ್ಲ ಗೊತ್ತು. ಆದರೂ ಪ್ರಯೋಗ ನಿಂತಿತು. ಹಾಲೆಂಡಿನ ಮಾಸ್ಟ್ರಿಕ್ಟಿನಲ್ಲಿ ೧೯೭೪ರಲ್ಲಿ, ಆಸ್ಟ್ರೇಲಿಯದ ನ್ಯೂಕಾಸಲ್ಲಿನಲ್ಲಿ ೧೯೭೮ರಲ್ಲಿ ಇದೇ ಮಾದರಿಯ ಶಾಲೆಗಳು ಎದ್ದುವು; ೧೯೮೫ರಲ್ಲಿ ಹಾರ್ವರ್ಡ್ ಕೂಡ ಇದರ ಒಂದು ರೂಪವನ್ನು ಅಂಗೀಕರಿಸಿತು. ವೈದ್ಯನು ತನ್ನ ಪ್ರತಿಯೊಂದು ನಿರ್ಣಯಕ್ಕೂ ಪ್ರಮಾಣವನ್ನು ಹುಡುಕಿ ತೂಗಬೇಕೆಂಬ, ಇಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿರುವ, ಪ್ರಮಾಣಾಧಾರಿತ ವೈದ್ಯಪದ್ಧತಿಗೆ ೧೯೯೦ರ ದಶಕದ ಆರಂಭದಲ್ಲಿ ಹೆಸರಿಟ್ಟವರೂ ಅದೇ ಮೆಕ್‌ಮಾಸ್ಟರಿನವರು. ಇದು ಕಾಕತಾಳೀಯವಿರಲಾರದು.

ಹಾಗೆಂದು ಎಲ್ಲವೂ ಜಯವೇ ಆಯಿತೆಂದು ತಿಳಿಯಬಾರದು. ೧೯೮೦ರ ದಶಕದಲ್ಲಿ ಕೆನಡದ ವೈದ್ಯವೃತ್ತಿಯ ಅನುಮತಿ ಪರೀಕ್ಷೆಯಲ್ಲಿ ಮೆಕ್‌ಮಾಸ್ಟರಿನ ಪದವೀಧರರು ಉಳಿದ ಶಾಲೆಗಳವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಅನುತ್ತೀರ್ಣರಾದರು. ತಮ್ಮನ್ನು ತಾವು ತೂಗಿಕೊಳ್ಳುವ ಶಕ್ತಿ ತರುಣರಿಗೆ ತಾನಾಗಿಯೇ ಬರುತ್ತದೆಂಬ ನಂಬಿಕೆ ಅಲುಗಿತು. ದಡ್ಡನಾದವನಿಗೆ ತನ್ನ ದಡ್ಡತನ ಕಾಣುವುದಿಲ್ಲವೆಂಬುದೇ ತೊಡಕು. ಗೆಳೆಯರು ಹೇಳಲು ಸಂಕೋಚಪಡುತ್ತಾರೆ, ಟ್ಯೂಟರನು ದಾಕ್ಷಿಣ್ಯಪಡುತ್ತಾನೆ. ಆಗ ಶಾಲೆಯು ಹಳೆಯ ಪರೀಕ್ಷೆಗೆ ಮರಳಲಿಲ್ಲ. ೧೯೯೦ರ ದಶಕದ ಆರಂಭದಲ್ಲಿ ಮಾಸ್ಟ್ರಿಕ್ಟಿನವರು ಬಳಸುತ್ತಿದ್ದ ಪ್ರಗತಿಪರೀಕ್ಷೆಯ ಒಂದು ರೂಪವನ್ನು ತಂದಿತು. ಇದರಲ್ಲಿ ಮೊದಲ ವರ್ಷದವನೂ ಕೊನೆಯ ವರ್ಷದವನೂ ಒಂದೇ ಪ್ರಶ್ನಪತ್ರಿಕೆಯನ್ನು ವರ್ಷದಲ್ಲಿ ಹಲವು ಸಲ ಬರೆಯುತ್ತಾರೆ. ಪ್ರಶ್ನೆಗಳು ಸಮಗ್ರ ವೈದ್ಯಶಾಸ್ತ್ರದಿಂದ ಬರುವುದರಿಂದ ಹಿಂದಿನ ರಾತ್ರಿ ಕಂಠಪಾಠ ಮಾಡಿ ಪ್ರಯೋಜನವಿಲ್ಲ. ಅಂಕಗಳು ಏರುತ್ತಿವೆಯೆ ಎಂಬುದಷ್ಟೆ ಮುಖ್ಯ. ಇದಾದ ಮೇಲೆ ಅನುತ್ತೀರ್ಣರ ಸಂಖ್ಯೆ ಇಳಿಯಿತು. ಇನ್ನೊಂದು ಕಡೆ ೧೯೯೩ರಲ್ಲಿ ಪ್ರಕಟವಾದ ಎರಡು ವಿಮರ್ಶೆಗಳು ಆ ತನಕದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದುವು. ಈ ಬಗೆಯ ಶಾಲೆಗಳ ವಿದ್ಯಾರ್ಥಿಗಳು ಓದನ್ನು ಹೆಚ್ಚು ಸಂತೋಷದಿಂದ ಓದುತ್ತಾರೆ, ರೋಗಿಯ ಬಳಿ ತುಸು ಮುಂದಿರುತ್ತಾರೆ, ಮೂಲವಿಜ್ಞಾನಗಳಲ್ಲಿ ಮಾತ್ರ ಕೆಲವೆಡೆ ಹಿಂದೆ ಬೀಳುತ್ತಾರೆ ಎಂಬುದು ಅವುಗಳಿಂದ ಹೊರಬಿದ್ದ ಸಾರ. ಪಂಥದವರು ಬಯಸಿದಷ್ಟು ದೊಡ್ಡ ಗೆಲುವು ಇದಲ್ಲ. ವಿರೋಧಿಗಳು ಭವಿಷ್ಯ ನುಡಿದ ಅನಾಹುತವೂ ಅಲ್ಲ.

ಭಾರತದಲ್ಲಿ ಈ ವಿಚಾರವು ಕಾಲೇಜಿನ ಒಳಗಿಂದ ಬಂದುದಕ್ಕಿಂತ ಹೊರಗಿಂದ ಬಂದುದೇ ಹೆಚ್ಚು. ೧೯೭೪ರಲ್ಲಿ ತರುಣ ವೈದ್ಯರೂ ವಿದ್ಯಾರ್ಥಿಗಳೂ ಕೂಡಿ ಮೆಡಿಕೊ ಫ್ರೆಂಡ್ ಸರ್ಕಲ್ ಎಂಬ ಬಳಗವನ್ನು ಕಟ್ಟಿಕೊಂಡರು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಅಪೂರ್ವ ರೋಗಗಳನ್ನು ಕಲಿತು ಹಳ್ಳಿಗೆ ಹೋದಾಗ ಅತಿಸಾರದ ಮಗುವಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗುವುದೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅದಕ್ಕೆ ಹದಿನೇಳು ವರ್ಷಗಳ ಚರ್ಚೆಯ ತರುವಾಯ, ೧೯೯೧ರಲ್ಲಿ, ವೈದ್ಯಶಿಕ್ಷಣದ ಪುನರ್ವಿಮರ್ಶೆಯೆಂಬ ಅರ್ಥದ ಒಂದು ಇಂಗ್ಲಿಷ್ ಗ್ರಂಥವನ್ನೇ ಬಳಗವು ಹೊರತಂದಿತು. ನಡುವೆ ಸರಕಾರವೂ ಸುಮ್ಮನಿರಲಿಲ್ಲ: ೧೯೭೫ರ ಶ್ರೀವಾಸ್ತವ ಸಮಿತಿಯ ವರದಿಯ ಫಲವಾಗಿ ೧೯೭೭ರಲ್ಲಿ ಪ್ರತಿ ವೈದ್ಯಕಾಲೇಜಿಗೂ ಸುತ್ತಲಿನ ಗ್ರಾಮಾರೋಗ್ಯದ ಹೊಣೆಯನ್ನು ಹೊರಿಸುವ ಯೋಜನೆ ಬಂದಿತು. ಅದಕ್ಕಾಗಿ ತರಿಸಿದ ದೊಡ್ಡ ವಾಹನಗಳು ಹಳ್ಳಿಯ ದಾರಿಗಳಲ್ಲಿ ಹೋಗಲಾರದಾದುವು ಎಂಬುದೇ ಆ ಯೋಜನೆಯ ಬಗೆಗೆ ಜನ ನೆನೆಯುವ ಮಾತು.

ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕಾಲೇಜಿನಲ್ಲಿ ಸಮುದಾಯವೈದ್ಯವನ್ನು ಕಲಿಸುತ್ತಿದ್ದ ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ ದಂಪತಿಗಳೂ ಅವರ ಸಂಗಡಿಗರೂ ೧೯೮೪ರಲ್ಲಿ ಸಮುದಾಯ ಆರೋಗ್ಯಕ್ಕಾಗಿಯೇ ಒಂದು ಸ್ವತಂತ್ರ ಕೇಂದ್ರವನ್ನು ತೆರೆದರು. ೧೯೯೦ರ ದಶಕದ ಆದಿಯಲ್ಲಿ ಆ ಕೇಂದ್ರವು ಕೈಗೊಂಡ ಅಧ್ಯಯನದ ರೀತಿ ವಿಚಾರಾರ್ಹವಾದುದು. ಪಾಠಕ್ರಮವನ್ನು ಹೇಗೆ ತಿದ್ದಬೇಕೆಂದು ಪ್ರಾಧ್ಯಾಪಕರನ್ನು ಕೇಳುವುದು ರೂಢಿ. ಇವರು ಕಾಲೇಜನ್ನು ಬಿಟ್ಟು ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಪದವೀಧರರನ್ನು ಕೇಳಿದರು: ಕಲಿತುದರಲ್ಲಿ ಯಾವುದು ಉಪಯೋಗಕ್ಕೆ ಬಂದಿತು, ಯಾವುದು ಬರಲಿಲ್ಲ, ಕಲಿಸದೆ ಬಿಟ್ಟುದು ಯಾವುದು? ಇನ್ನೂ ತರಗತಿಯಲ್ಲಿರುವ ವಿದ್ಯಾರ್ಥಿಗೆ ತನಗೆ ಬೇಕಾದುದು ಯಾವುದೆಂದು ಪೂರ್ಣವಾಗಿ ತಿಳಿದಿರುವುದಿಲ್ಲ. ಹತ್ತಾರು ವರ್ಷದ ಹಿಂದೆ ತರಗತಿಯನ್ನು ಬಿಟ್ಟ ಪ್ರಾಧ್ಯಾಪಕನಿಗೆ ಮರೆತುಹೋಗಿರುತ್ತದೆ. ಎರಡರ ನಡುವಿನ ಈ ಸಾಕ್ಷಿಗಳನ್ನು ಬೇರೆಯವರು ಅಷ್ಟಾಗಿ ಗಮನಿಸಿಲ್ಲ.

ಗಾಂಧೀ ಶತಮಾನೋತ್ಸವದ ವರ್ಷವಾದ ೧೯೬೯ರಲ್ಲಿ ಸುಶೀಲಾ ನಾಯರರು ಸೇವಾಗ್ರಾಮದಲ್ಲಿ ಆರಂಭಿಸಿದ ವೈದ್ಯಸಂಸ್ಥೆಯಲ್ಲಿ ಪ್ರತಿವರ್ಷದ ಹೊಸ ತಂಡವೂ ಒಂದು ಹಳ್ಳಿಯಲ್ಲಿ ಬಿಡಾರ ಮಾಡಿ, ಒಬ್ಬೊಬ್ಬರು ಕೆಲವು ಕುಟುಂಬಗಳನ್ನು ತಮ್ಮವೆಂದು ಇಟ್ಟುಕೊಂಡು, ಮುಂದಿನ ವರ್ಷಗಳಲ್ಲಿಯೂ ಅವರನ್ನು ಕಂಡುಬರುವ ವಾಡಿಕೆ ಬೆಳೆಯಿತು. ಭಾರತೀಯ ವೈದ್ಯಪರಿಷತ್ತಿನ ಸ್ಥಾನದಲ್ಲಿ ೨೦೨೦ರಿಂದ ಕೆಲಸಮಾಡುತ್ತಿರುವ ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಇಂತಹುದೇ ಕುಟುಂಬದತ್ತು ಕಾರ್ಯಕ್ರಮವನ್ನು ದೇಶದ ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿತು. ಒಂದೆಡೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಹಳ್ಳಿಯಲ್ಲಿ ಉಂಡು ಮಲಗಿ ಬೆಳೆಸಿದ ರೂಢಿಯು ಸುತ್ತೋಲೆಯ ರೂಪವನ್ನು ತಳೆದಾಗ ಭರ್ತಿಮಾಡಬೇಕಾದ ದಾಖಲೆಪುಸ್ತಕವಾಗಿ ಬಿಡುವ ಅಪಾಯವುಂಟು. ಕಾರ್ಯಕ್ರಮದ ದೋಷ ಅದಲ್ಲ. ಅದನ್ನು ರೂಪಿಸುವಾಗ ಅದನ್ನು ನಡೆಸಬೇಕಾದವರನ್ನು ಕೇಳದಿದ್ದರೆ ಹಾಗಾಗುವುದು ಸಹಜ. ೨೦೧೯ರ ಶಾಸನದಂತೆ ಆಯೋಗದಲ್ಲಿ ಮೂವತ್ತಮೂರು ಜನ ಸದಸ್ಯರು. ವಿದ್ಯಾರ್ಥಿಗಳ ಪ್ರತಿನಿಧಿಗೆ ಅದರಲ್ಲಿ ಸ್ಥಾನವಿಲ್ಲ. ಅಮೆರಿಕದಲ್ಲಿ ವೈದ್ಯಶಾಲೆಗೆ ಮಾನ್ಯತೆಯನ್ನು ಕೊಡುವ ಸಮಿತಿಯು ಕಾಲೇಜಿನ ವರದಿಯೊಡನೆ ವಿದ್ಯಾರ್ಥಿಗಳದೇ ಆದ ಇನ್ನೊಂದು ವರದಿಯನ್ನು ಬೇಡುತ್ತದೆ. ಅದರ ಪ್ರಶ್ನೆಗಳನ್ನು ಕೇಳುವವರೂ ಉತ್ತರಗಳನ್ನು ವಿಶ್ಲೇಷಿಸುವವರೂ ವಿದ್ಯಾರ್ಥಿಗಳೇ, ಆಡಳಿತವು ಅದರಲ್ಲಿ ಕೈಹಾಕುವಂತಿಲ್ಲ. ಈ ದೇಶದಲ್ಲಿ ವರ್ಷಾಂತ್ಯಕ್ಕೆ ಹಂಚುವ ಅಭಿಪ್ರಾಯಪತ್ರವನ್ನು, ಅದನ್ನು ಓದುವವರೇ ಪರೀಕ್ಷಕರೂ ಆಗಿರುವಾಗ, ಯಾವ ಬುದ್ಧಿವಂತ ವಿದ್ಯಾರ್ಥಿಯೂ ಮನಸ್ಸು ಬಿಚ್ಚಿ ತುಂಬಲಾರನು.

ಹೀಗಿದ್ದರೂ ಭಯವನ್ನು ದಾಟುವ ಯತ್ನಗಳು ಅಲ್ಲಲ್ಲಿ ನಡೆದಿವೆ. ಡೆಲ್ಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ೨೦೦೯ರಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ವೈದ್ಯ ಮತ್ತು ಮಾನವಿಕ ವಿದ್ಯೆಗಳ ಒಂದು ಕೂಟವನ್ನು ಕಟ್ಟಿದರು. ಬೆಂಗಳೂರಿನ ರಾಧಾ ರಾಮಸ್ವಾಮಿಯವರು ಅವರಿಗೆ ಬ್ರೆಜಿಲ್ ದೇಶದ ಆಗುಸ್ತೋ ಬೋಆಲನ ರಂಗಪದ್ಧತಿಯನ್ನು ಪರಿಚಯ ಮಾಡಿಕೊಟ್ಟರು. ಇದರಲ್ಲಿ ಆಟಗಾರರು ವಾರ್ಡಿನ ಒಂದು ಪ್ರಸಂಗವನ್ನು ಆಡಿ ತೋರಿಸುತ್ತಾರೆ: ಎಲ್ಲರೆದುರಿಗೆ ವಿದ್ಯಾರ್ಥಿಯನ್ನು ಗದರಿಸುವ ಹಿರಿಯ, ನಡುವೆ ಹೊದಿಕೆಯಿಲ್ಲದೆ ಮಲಗಿರುವ ರೋಗಿ. ನೋಡುತ್ತಿರುವವರಲ್ಲಿ ಯಾರಾದರೂ ಆಟವನ್ನು ನಿಲ್ಲಿಸಿ, ತುಳಿತಕ್ಕೆ ಸಿಕ್ಕಿದವನ ಸ್ಥಾನದಲ್ಲಿ ತಾವು ನಿಂತು, ಬೇರೆ ರೀತಿಯಲ್ಲಿ ನಡೆದುಕೊಳ್ಳಲು ಸಾಧ್ಯವೆ ಎಂದು ಪ್ರಯತ್ನಿಸಬಹುದು. ಪ್ರಾಧ್ಯಾಪಕನು ವಿದ್ಯಾರ್ಥಿಯಾಗಿ ನಿಲ್ಲಬಹುದು. ವಿದ್ಯಾರ್ಥಿಯು ರೋಗಿಯಾಗಿ ಮಲಗಬಹುದು. ಸಮಿತಿಯ ಮೇಜಿನ ಸುತ್ತ ಬಾಯಿಗೆ ಬಾರದ ಮಾತುಗಳು ಆಟದ ನೆವದಲ್ಲಿ ಹೊರಬೀಳುತ್ತವೆ.

೨೦೧೯ರಲ್ಲಿ ಜಾರಿಗೆ ಬಂದ ಪಾಠಕ್ರಮವು ಮೊದಲ ವರ್ಷದ ಆರಂಭದಲ್ಲಿ ೧೭೫ ಗಂಟೆಗಳ ಒಂದು ಪ್ರಾಸ್ತಾವಿಕ ಶಿಕ್ಷಣವನ್ನು ವಿಧಿಸಿ, ಅದರಲ್ಲಿ ಸ್ಥಳೀಯ ಭಾಷೆಯ ಕಲಿಕೆಯನ್ನೂ ಸೇರಿಸಿತು. ಸರಕಾರಿ ಕಾಲೇಜುಗಳ ನೂರಕ್ಕೆ ಹದಿನೈದು ಸ್ಥಾನಗಳು ೧೯೮೬ರಿಂದ ಅಖಿಲ ಭಾರತದ ವಿದ್ಯಾರ್ಥಿಗಳಿಗೆ ಮೀಸಲಾಗಿರುವುದರಿಂದ ಕನ್ನಡ ನಾಡಿನ ಕಾಲೇಜುಗಳಿಗೆ ಹಿಂದಿ, ತೆಲುಗು, ಮಲೆಯಾಳಂ ನುಡಿಯವರು ಬರುತ್ತಾರೆ. ಕನ್ನಡದ ಮಕ್ಕಳು ಮುಂಬಯಿ, ಪುಣೆ, ಚೆನ್ನೈಗಳಿಗೆ ಹೋಗುತ್ತಾರೆ. ಇಲ್ಲಿ ಗುರುಶಿಷ್ಯಸಂಬಂಧವು ತಾನಾಗಿಯೇ ತಲೆಕೆಳಗಾಗುತ್ತದೆ. ಪ್ರಾಧ್ಯಾಪಕನಿಗೆ ಇಂಗ್ಲಿಷ್ ಪಾರಿಭಾಷಿಕಗಳು ಗೊತ್ತು. ಮೈಸೂರು ವೈದ್ಯಕಾಲೇಜಿನ ಡಾ. ಡಿ. ಎಸ್. ಶಿವಪ್ಪನವರಂತಹವರು ಪಟ್ಟ ಶ್ರಮದಿಂದ ಅವುಗಳಿಗೆ ಕನ್ನಡದ ಪದಗಳೂ ದೊರೆತಿವೆ. ಆದರೆ ರೋಗಿಯು ಕೋಶದ ಮಾತನ್ನು ಆಡುವುದಿಲ್ಲ. ನೋವು ಎಂದು ಒಬ್ಬನು ಹೇಳಿದರೆ, ಉರಿ, ಸೆಳೆತ, ಸಿಡಿತ, ಹಿಂಡಿದ ಹಾಗೆ, ಚುಚ್ಚಿದ ಹಾಗೆ ಎಂದು ಇನ್ನೊಬ್ಬನು ಹೇಳುತ್ತಾನೆ, ಇವುಗಳಲ್ಲಿ ಒಂದೊಂದೂ ವೈದ್ಯನನ್ನು ಒಂದೊಂದು ಅಂಗದ ಕಡೆಗೆ ಕರೆದೊಯ್ಯುತ್ತದೆ. ಧಾರವಾಡದ ಕಡೆಯ ಮುದುಕಿ ‘ಆರಾಮಿಲ್ಲ’ ಎಂದರೆ ಏನೆಂದು, ‘ಬ್ಯಾನಿ’ ಎಂದರೆ ರೋಗವೋ ನೋವೋ ಹೆರಿಗೆಯ ಬೇನೆಯೋ ಎಂದು, ‘ಸಂಕಟ’ವು ಎದೆಯದೋ ಹೊಟ್ಟೆಯದೋ ಮನಸ್ಸಿನದೋ ಎಂದು ಹೇಳಬಲ್ಲವನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವ, ಆ ಸೀಮೆಯ ಹಳ್ಳಿಯಿಂದ ಬಂದ, ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಹೆದರುವ ಹುಡುಗನು. ಇಂತಹ ಮಾತುಗಳನ್ನು ಜಿಲ್ಲೆಜಿಲ್ಲೆಗೂ ವಿದ್ಯಾರ್ಥಿಗಳಿಂದಲೇ ಸಂಗ್ರಹ ಮಾಡಿಸಿ, ಒಂದೊಂದರ ಮುಂದೆ ರೋಗಲಕ್ಷಣವನ್ನು ಅಧ್ಯಾಪಕರಿಂದ ಬರೆಯಿಸಿ, ಹೊಸಬರ ಕೈಗೆ ಕೊಡುವ ಕೆಲಸಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಮುಂಬಯಿಯ ಕನ್ನಡ ರೋಗಿಗಳ ನಡುವೆಯೂ ಅದನ್ನು ಆರಂಭಿಸಬಹುದು.